ಶನಿವಾರ ಬರೋ ಮಾವ

ಸಾಲಿ ಗೇಟಿನ ಮುಂದ ಕೆಲಸಿಲ್ಲದ ಗಂಡಸು ನಿಂತಾನಂದ್ರ ನನಗ ಸಂಶೇ ಬರ್ತದ. ಬರಬೇಕು ಮತ್ತ, ಅದಕ್ಕ ಅಲ್ಲೇನು ನನ್ನ ಇಲ್ಲಿ ಇಟ್ಟದ್ದು? ಯೆರವಡಾದ ಈ ಮರಾಠಿ ಸಾಲ್ಯಾಗ ನಾ ಮೌಶಿ. ಕಸಾ ಹೊಡಿಯೋದು, ಗಂಟಿ ಬಾರಿಸೋದು, ಗೇಟ್ ಕಾಯೋದು ಎಲ್ಲಾ ನಂದ. ಟೀಚರ್‌ಗೋಳು ಭಾಮಾ ಮೌಶಿ ಅಂತಾರ, ನಮ್ಮ ಯಾದಗಿರಿ ಕಡಿ ಮಂದಿ ಭಾಮಕ್ಕ ಅಂತಾರ, ಪೋರಗೋಳು ನನ್ನ ಬೆನ್ನ ಹಿಂದ ಪೊಲೀಸ್ ಮೌಶಿ ಅಂತಾವ. ಅನ್ನಲಿ. ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ ಅನ್ನೋದು ನನಗ ಯಾರೂ ಕಲಿಸೋದು ಬೇಕಾಗಿಲ್ಲ.

ಜಟ್ಟೆಪ್ಪನ ಕತಿ ಹೇಳಬೇಕಂದ್ರ ಮೊದಲ ನಮ್ಮ ಹೆಡ್ ಬಾಯಿ, ಅಂದ್ರ ಎಲ್ಲಾರಗಿಂತ ದೊಡ್ಡ ಟೀಚರ್, ಆರತಿ ಬಾಯಿದು ಹೇಳಬೇಕು. ಮರಾಠಿ ಹೆಣಮಗಳು. ಮನಸ್ಸು ಭಾಳ ಚಲೋ, ಆದ್ರ ಮಂದಿನ್ನ ಜಲ್ದಿ ನಂಬ್ತಾಳ. ಹೋದ ವರ್ಷ ಆಕಿ ತಲ್ಯಾಗ ಒಂದು ಹುಳ ಹೊಕ್ತು. ಸಾಲಿಗೆ ಬರೀ ಅವ್ವಗೋಳ ಬರ್ತಾರಲ್ಲ, ಅಪ್ಪಗೋಳು ಎಲ್ಲಿ ಹೋದ್ರು? ಹುಡುಗ ಬಿದ್ದು ಮೊಣಕಾಲು ಒಡಕೊಂಡ್ರೂ ಅವ್ವ ಬರಬೇಕು, ಮಾರ್ಕ್ಸ್ ಕೇಳಲಿಕ್ಕೂ ಅವ್ವನ ಬರಬೇಕು. ಅದಕ್ಕ 'ಬಾಬಾಂಚಾ ಶನಿವಾರ', ಅಪ್ಪಗೋಳ ಶನಿವಾರ ಅಂತ ಒಂದು ಬೋರ್ಡ್ ಬರೆಸಿ ಗೇಟಿಗೆ ಕಟ್ಟಿಸಿದಳು. ಶನಿವಾರ ಮುಂಜಾನಿ ಒಂದ್ ತಾಸು ಅಪ್ಪ, ಇಲ್ಲಾಂದ್ರ ಅಪ್ಪನ ಜಾಗಾದಾಗ ಇದ್ದವ್ರು ಸಾಲಿಗೆ ಬರ್ರಿ, ಮಕ್ಕಳ ಸಂಗಡ ಇರ್ರಿ, ಕೈಲಾದ ಕೆಲಸ ಮಾಡಿಕೊಡ್ರಿ ಅಂತ.

ಬರ್ತಾರೇನು! ಮೊದಲನೇ ಶನಿವಾರ ಒಬ್ಬ ಬಂದ. ಮಗ ಏನೋ ಒಡದಾನ, ಅದಕ್ಕ ಕರ್ಸ್ಯಾರ ಅಂತ ತಿಳಕೊಂಡು ಆ ಕೂಸಿಗೆ ದಾರ್ಯಾಗ ಎರಡು ಬಾರಿಸಿನ ಕರಕೊಂಡು ಬಂದಿದ್ದ. ಇನ್ನೊಬ್ಬ ವರ್ಗಣಿ ರೊಕ್ಕ ಕೇಳ್ತಾರಂತ ಹೆದರಿ ಹೆಂಡತಿನ್ನ ಕಳಿಸಿ, 'ಅಂವ ಊರಾಗಿಲ್ಲ ಅನ್ನು' ಅಂತ ಹೇಳಿ, ತಾನು ಪಾನ್ ಅಂಗಡಿ ಹಿಂದ ನಿಂತು ಇಣುಕಿ ನೋಡ್ಲಾಕತ್ತಿದ್ದ. ನಾ ಕೈ ಮಾಡಿ ಕರದೆ, ಓಡಿಹೋದ. ಆರತಿ ಬಾಯಿ ಮಾರಿ ಸಣ್ಣದಾತು. 'ಬಾಯಿ, ಗಂಡಸರು ಬರಲಿಲ್ಲಂದ್ರ ಸಾಲಿಗೆ ಏನೂ ಕಮ್ಮಿ ಬೀಳೂದಿಲ್ಲ ಬಿಡ್ರಿ' ಅಂದೆ ನಾ.

ಅದರ ಮುಂದಿನ ಶನಿವಾರ ಜಟ್ಟೆಪ್ಪ ಬಂದ. ತಲಿಗೆ ಎಣ್ಣಿ ಹಚ್ಚಿ ಬಾಚ್ಕೊಂಡಿದ್ದ, ಅಂಗಿ ಇಸ್ತ್ರಿ ಮಾಡಿಸಿದ್ದ, ಆದ್ರ ಉಗುರಿನ ಸಂದ್ಯಾಗ ಸಿಮೆಂಟ್ ಹಂಗೇ ಇತ್ತು. ಇಪ್ಪತ್ತೆಂಟು ಮೂವತ್ತರ ಪ್ರಾಯ.

"ಯಾವ ಹುಡುಗನ ಅಪ್ಪ ನೀ?" ಅಂತ ಕೇಳಿದೆ.

"ಏಳನೇ ಇಯತ್ತೆ ಶಿವಕಾಂತಾ ಇದ್ದಾಳಲ್ಲರಿ, ಆಕಿ ಅಪ್ಪನ ಜಾಗಾದಾಗ ಬಂದೀನ್ರಿ."

"ಜಾಗಾದಾಗ ಅಂದ್ರ? ನೀ ಏನಾಗಬೇಕು ಆಕಿಗೆ?"

"ಆಕಿ ಅವ್ವನ ತಮ್ಮ. ಸ್ವಾದರಮಾವ್ರಿ."

ನಾ ಗೇಟಿಗೆ ಅಡ್ಡ ನಿಂತೆ. ಆರತಿ ಬಾಯಿ ಮಾತ್ರ ಒಳಗಿಂದ ಓಡಿ ಬಂದು, "ಅಗಬಾಯಿ, ಮಾಮಾ ಆಲೇ! ಕಿತೀ ಛಾನ್!" ಅಂತ, ಮಾವ ಬಂದದ್ದು ಎಷ್ಟು ಚಂದ ಅಂತ ಹಿಗ್ಗಿ, ಕೈ ಮುಗದು ಒಳಗ ಕರಕೊಂಡು ಹೋದಳು. ಆಕಿಗೇನು ಗೊತ್ತು? ಮರಾಠಿ ಮಂದ್ಯಾಗ ಮಾಮಾ ಅಂದ್ರ ರಜಾದಾಗ ಊರಿಗೆ ಕರಕೊಂಡು ಹೋಗಿ ಲಾಡು ತಿನ್ನಿಸವ. ನಮ್ಮ ಕಡಿ ಹಂಗಲ್ಲ. ನಮ್ಮಲ್ಲಿ ಅಕ್ಕನ ಮಗಳು ಅಂದ್ರ ತಮ್ಮನ ಹಕ್ಕು. ಹೆಣ್ಣು ಹುಟ್ಟಿತಂದ್ರ ತೊಟ್ಟಲದ ಮುಂದ ನಿಂತು 'ಮಾವಗ ಹೆಂಡ್ತಿ ಬಂದಳು' ಅಂತ ನಗ್ತಾರ. ಆ ನಗಿ ಹನ್ನೆರಡು ಹದಿಮೂರು ವರ್ಷಕ್ಕ ನಿಜಾ ಆಗ್ತದ.

ನಾನೂ ಮಾವನ ಹೆಂಡ್ತಿನ. ನಮ್ಮವ್ವನ ತಮ್ಮ ನಂದೆಪ್ಪ, ಸಂತಿಗೆ ಹೋದ್ರ ನನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಹೋಗ್ತಿದ್ದ, ಪೆಪ್ಪರಮೆಂಟ್ ಕೊಡಸ್ತಿದ್ದ. ನಾ ಏಳನೇ ಇಯತ್ತೆ ಇದ್ದಾಗ ಅವಗೇ ನನ್ನ ಕಟ್ಟಿದ್ರು. ಖೋಖೋದಾಗ ನನ್ನ ಯಾರೂ ಹಿಡಿತಿದ್ದಿಲ್ಲ, ಮದವಿ ಹಿಡೀತು. ಕೆಟ್ಟವ ಅಲ್ಲ ಅಂವ, ಒಂದಿನಾ ಕೈ ಎತ್ತಲಿಲ್ಲ. ಟಿ.ಬಿ. ಆಗಿ ಜಲ್ದಿ ಹೋದ. ಆದ್ರ ನನ್ನ ಸಾಲಿ ಹೋತಲ್ಲ! ಇವತ್ತಿಗೂ ಏಳನೇ ಇಯತ್ತೆ ಖೋಲಿ ಕಸಾ ಹೊಡಿಯೋ ಮುಂದ ನನ್ನ ಹೊಟ್ಟಿ ಉರೀತದ.

ಅದಕ್ಕ ಜಟ್ಟೆಪ್ಪನ ಮ್ಯಾಲ ಕಣ್ಣಾಗ ಎಣ್ಣಿ ಬಿಟ್ಕೊಂಡು ಕುಂತೆ.

ಅಂವ ಪ್ರತಿ ಶನಿವಾರ ಬಂದ. ಮೆಟ್ರೋ ಆಚಿ ಕಡಿ ಕಟ್ಟೋ ಬಿಲ್ಡಿಂಗಿನ್ಯಾಗ ಸೆಂಟ್ರಿಂಗ್ ಕೆಲಸ ಅವಂದು, ಸ್ಲ್ಯಾಬಿಗೆ ಹಲಗಿ ಬಡಿಯೋದು. ಅರ್ಧಾ ಹಾಜರಿ ಬಿಟ್ಟು ಬರ್ತಿದ್ದ. ಗೇಟಿನ ಮುಂದಿನ ರಸ್ತಾದಾಗ ಡಂಪರ್ ಹುಚ್ಚು ಎಮ್ಮಿ ಹಂಗ ಬರ್ತಾವ. ಅಲ್ಲಿ ಕೆಂಪು ಅರಿವಿ ಹಿಡಕೊಂಡು ನಿಂತು ಪೋರಗೋಳ್ನ ದಾಟಿಸ್ತಿದ್ದ. ಖಿಚಡಿ ಬಡಸ್ತಿದ್ದ, ಅರ್ಧಾ ನೆಲಕ್ಕ ಚೆಲ್ಲಿ ನನ್ನ ಕೈಲಿ ಬೈಸ್ಕೊತಿದ್ದ. ಆರತಿ ಬಾಯಿ ಒಮ್ಮೆ ಮಕ್ಕಳಿಗೆ ಕತಿ ಹೇಳಂದ್ರ, ನರಿ ಕತಿ ಸುರು ಮಾಡಿ ನಡುವ ಮರತು, 'ಆಮ್ಯಾಲ ನರಿ ಮನಿಗೆ ಹೋತು' ಅಂತ ಮುಗಿಸಿಬಿಟ್ಟ. ಮಕ್ಕಳು ಬಿದ್ದು ಬಿದ್ದು ನಕ್ವು. ನಾ ನಗಲಿಲ್ಲ. ಅತಿ ವಿನಯ ಕಂಡ್ರ ನನಗ ಮೈ ಕಡೀತದ.

ಒಂದು ಸಂಗತಿ ಅಂತೂ ನನಗ ಹಿಡಸಲೇ ಇಲ್ಲ. ಯಾರು ಬರ್ಲಿ, ಯಾರು ಹೋಗ್ಲಿ, ಕೇಳ್ಲಿ ಬಿಡ್ಲಿ, ಅವರ ಮುಂದ ಅದೇ ಮಾತು: 'ನಾ ಶಿವಕಾಂತಾನ ಅಪ್ಪನ ಜಾಗಾದಾಗ ಬಂದೀನಿ.' ಅದರಾಗೂ ಅವರ ವಸ್ತಿ ಮಂದಿ ಕಂಡ್ರ ಎರಡು ಸಲ ಹೇಳ್ತಿದ್ದ. ಅವ್ರ ಮಂದೀನ ಕೆಲಸಕ್ಕ ಹಚ್ಚೋ ಮುಕಾದಮ ಈರಣ್ಣ, ಊರಾಗೂ ಪಂಚರೊಳಗ ಕೂಡೋ ಹಿರಿಯ, ಒಂದಿನ ಆ ದಾರಿಲೆ ಹೋಗ್ಲಾಕತ್ತಿದ್ದ. ಅವನ್ನೂ ನಿಲ್ಲಿಸಿ ಅದೇ ಮಾತು ಹೇಳಿದ. ಮಾವ ಅಂತ ನೆಟ್ಟಗ ಹೇಳಿದ್ರ ಬಾಯಿಗೆ ಮುಳ್ಳು ಚುಚ್ಚತದೇನು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಂತ, ಹಂಗ ಆತು ಇದು. ತನ್ನ ಹೊಲಾ ತಾ ಕಾಯಲಾಕ ಬಂದಾನ, ಬೆಳಿ ಬಂದ ಕೂಡ್ಲೆ ಕೊಯ್ಕೊಂಡು ಹೋಗ್ತಾನ ಅಂತ ನನ್ನ ಮನಸ್ಸು ಕೂಗಿ ಹೇಳ್ತು.

ಮಾಘ ಮಾಸದಾಗ ಶಿವಕಾಂತಾ ಒಂದು ವಾರ ಸಾಲಿಗೆ ಬರಲಿಲ್ಲ. ಬಂದಾಗ ಕೈ ತುಂಬ ಹಸರು ಬಳಿ. ನನಗ ತಿಳೀತು, ಪೋರಿ ದೊಡ್ಡಾಕಿ ಆಗ್ಯಾಳ. ನಲ್ಲಿ ಹತ್ರ ಕರದು ಮೆಲ್ಲಕ ಕೇಳಿದೆ, "ಮನ್ಯಾಗ ಏನ್ ನಡದದ, ತಂಗಿ?"

ಆಕಿ ನೀರಿನ ಬಾಟ್ಲಿ ಮುಚ್ಚಳ ತಿರುವ್ಕೋತ ನಿಂತಳು. "ಅಜ್ಜಿ ಊರಿಗೆ ಹೋಗೂಣು ಅಂದಾಳ. ಸೋಮವಾರ."

"ಯಾತಕ್ಕ?"

ಆಕಿ ಹಸರು ಬಳಿ ಹಿಂದಕ್ಕ ಸರಿಸಿದಳು. ಕಣ್ಣಾಗ ನೀರು.

"ಮಾವ ಏನಂತಾನ?"

"ಸುಮ್ಮ ಸಾಲಿಗೆ ಹೋಗು, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಾನ."

ಸಾಕಲ್ಲ? ಇನ್ನೇನು ಬೇಕು! ನಾ ಸೀದಾ ಹೋಗಿ ಆರತಿ ಬಾಯಿ ಮುಂದ ಎಲ್ಲಾ ಹೇಳಿದೆ. ಆಕಿಗೆ ಮೊದಲ ತಿಳೀಲೇ ಇಲ್ಲ. 'ಮಾಮಾನ ಸಂಗಡ ಲಗ್ನ? ಛೀ, ಏನ್ ಮಾತಾಡ್ತಿ ಮೌಶಿ!' ಅಂದಳು. 'ನಾನ ಆಗೀನಿ ಬಾಯಿ' ಅಂದೆ. ಆಕಿ ಕೈಯಾಗಿನ ಚಹಾ ಕಪ್ ಹಂಗೇ ಕೆಳಗಿಟ್ಟಳು. ಶನಿವಾರ ಸಾಲ್ಯಾಗ ತಾಯಿ-ತಂದಿ ಪೂಜೆ ಇತ್ತು, ಮಕ್ಕಳು ಹಡದವ್ರ ಪಾದಪೂಜೆ ಮಾಡೋದು. ಅದು ಮುಗದ ಕೂಡ್ಲೆ ಅವನ್ನ ಕುಂದ್ರಿಸಿ ಕೇಳತೀನಿ, ನಿಜಾ ಇದ್ರ ಮಕ್ಕಳ ಸಹಾಯದ ನಂಬರಿಗೆ ಫೋನ್ ಹಚ್ಚತೀನಿ ಅಂದಳು. ಪೂಜೆ ಮುಗಿಯೋ ತನಾ ಅಂವ ಕೈಯಾಗ ಉಳಿದ್ರ ತಾನೇ? ಪುಣೆ ಸ್ಟೇಶನ್ನಿಗೆ ಹೋಗಿ ಗಾಡಿ ಹತ್ತಿದ್ರ ದೌಂಡ, ಸೋಲಾಪುರ, ಮುಗೀತು. ಆ ಹುಡುಗಿ ಅಪ್ಪ ಹುಸೇನಪ್ಪನೂ ಹಿಂಗೇ ಒಂದಿನ ದೌಂಡಕ್ಕ ರೈಲ್ವೆ ಕೆಲಸ ಅಂತ ಹೋಗಿ, ಅಲ್ಲೇ ಇನ್ನೊಂದು ಮನಿ ಮಾಡ್ಕೊಂಡು ಕುಂತವ.

ಶನಿವಾರ ಗೇಟಿಗೆ ಚಿಲಕಾ ಹಾಕಿ ನಿಂತೆ.

ಜಟ್ಟೆಪ್ಪ ಬಂದ, ಒಬ್ಬನ ಅಲ್ಲ. ಸಂಗಡ ಅವನವ್ವ ಅಂಬಾಬಾಯಿ, ಹಣಿ ತುಂಬ ಕುಂಕುಮ ಹಚ್ಚಿದ ಮುದುಕಿ. ಅಕ್ಕ ಮರೆಮ್ಮ, ಶಿವಕಾಂತಾನ ತಾಯಿ, ತಲಿ ತಗ್ಗಿಸಿಕೊಂಡು. ಹಿಂದ ಮುಕಾದಮ ಈರಣ್ಣ ಮತ್ತ ಊರಿನ ಇಬ್ರು ಹಿರೇರು. ಜಟ್ಟೆಪ್ಪನ ಕೈಯಾಗ ಒಂದು ಚೀಲ. ಸಾಲಿ ಪೂಜೆಗೆ ಊರ ಪಂಚರು ಯಾಕ ಬೇಕು, ನೀವ ಹೇಳ್ರಿ?

"ಚೀಲದಾಗ ಏನದ?" ಅಂದೆ.

"ಒಳಗ ಬಿಡ್ರಿ ಭಾಮಕ್ಕ."

"ಚೀಲದಾಗ ಏನದ ಅಂತ ಕೇಳಿದೆ!"

ಅಂವ ಕೊಡೋ ಮೊದಲೇ ಗೇಟಿನ ಸಂದ್ಯಾಗಿಂದ ಕೈ ಹಾಕಿ ಕಸಗೊಂಡೆ. ಹಸರು ಸೀರಿ. ಜರಿ ಅಂಚಿಂದು. ಮ್ಯಾಲ ಒಂದು ತೆಂಗಿನಕಾಯಿ, ಒಂದು ಡಜನ್ ಬಳಿ. ನಿಶ್ಚಯಕ್ಕ ಏನೇನು ಬೇಕೋ ಎಲ್ಲಾ ಇತ್ತು. ನಾ ಬಾಯಿಗೆ ಬಂದಂಗ ಬೈಲಾಕ ಸುರು ಮಾಡಿದೆ. "ಏ ಭಾಡ್ಯಾ, ನಾಚಿಕಿ ಆಗೂದಿಲ್ಲೇನು ನಿನಗ? ಆ ಕೂಸಿಗೆ ಇನ್ನೂ ಜಡಿ ಹಾಕ್ಕೊಳ್ಳಾಕ ಬರೂದಿಲ್ಲ, ನಿನಗ ಹೆಂಡ್ತಿ ಬೇಕಾಗ್ಯಾಳ! ಸಾಲಿಗೆ ಬಂದು ಎಲ್ಲರ ಮುಂದ ಅಪ್ಪ ಅಪ್ಪ ಅನ್ಕೋತ ನಾಟಕಾ ಮಾಡ್ತಿ? ಇವತ್ತ ಈ ಗೇಟ್ ದಾಟಿ ನೋಡು, ಇದೇ ಪೊರಕಿಲೆ ಬಾರಸ್ತೀನಿ!"

ಅಂಬಾಬಾಯಿ ಸುಮ್ಮಿರ್ತಾಳ? "ನಮ್ಮ ಮನಿ ಹೆಣ್ಣು, ನಮ್ಮ ಹುಡುಗ. ಕಸಾ ಹೊಡಿಯೋಳು ನೀ ಯಾಕಿ ಕೇಳಾಕ?" ಅಂತ ಆಕಿನೂ ಏರಿ ಬಂದಳು.

ಜಟ್ಟೆಪ್ಪ ಸಿಟ್ಟಾಗಲಿಲ್ಲ. ಗೇಟಿನ ಸಳಿ ಹಿಡಕೊಂಡು, ಅವ್ವಗ ಕೇಳಸಬಾರದಂಗ, ನನ್ನ ಕಿವಿ ಹತ್ರ ಬಂದು ಅಂದ: "ಬೈರಿ ಭಾಮಕ್ಕ, ಎಷ್ಟರ ಬೈರಿ. ಆದ್ರ ಒಳಗ ಬಿಡ್ರಿ. ಇವತ್ತ ನಾ ನಿಮ್ಮ ಸಾಲ್ಯಾಗ ಅಪ್ಪನ ಮಣಿ ಮ್ಯಾಲ ಕೂಡಲಿಲ್ಲಂದ್ರ, ಸೋಮವಾರ ಊರಾಗ ಮದವಿ ಮಣಿ ಮ್ಯಾಲ ಕೂಡಬೇಕಾಗ್ತದ."

ನನಗ ಅರ್ಧಾ ತಿಳೀತು, ಅರ್ಧಾ ತಿಳೀಲಿಲ್ಲ. ನಂಬಿಗಿ ಅಂತೂ ಬರಲಿಲ್ಲ. ಅಷ್ಟ್ರಾಗ ಆರತಿ ಬಾಯಿ, 'ಮೌಶಿ, ಗೇಟ್ ತೆಗಿ, ಎಲ್ಲಾರೂ ನೋಡ್ಲಾಕತ್ತಾರ' ಅಂತ ಒದರಿದಳು. ತೆಗದೆ. ಚೀಲ ಮಾತ್ರ ಕೊಡಲಿಲ್ಲ. ಪೊರಕಿ ಹಿಡಕೊಂಡು ಅವನ ಬೆನ್ನಿಗೇ ನಡದೆ.

ಅಂಗಳದಾಗ ಸಾಲಾಗಿ ಕಟ್ಟಿಗಿ ಮಣಿ ಹಾಕಿದ್ರು, ಮುಂದೊಂದು ತಾಟು, ತಂಬಿಗಿ. ಒಂದೊಂದು ಹುಡುಗಗ ಎರಡೆರಡು ಮಣಿ, ಅವ್ವಗೊಂದು, ಅಪ್ಪಗೊಂದು. ಅವ್ವಗೋಳ ಮಣಿ ತುಂಬಿದ್ವು. ಅಪ್ಪಗೋಳ ಮಣಿ ಅರ್ಧಕ್ಕರ್ಧ ಖಾಲಿ. ಆ ಖಾಲಿ ಮಣಿ ಮುಂದ ನಿಂತ ಮಕ್ಕಳು ಅತ್ತಾಗ ಇತ್ತಾಗ ನೋಡ್ತಾ, ನೋಡಿಲ್ಲ ಅನ್ನೋ ಹಂಗ ಮಾಡ್ಲಾಕತ್ತಿದ್ವು. ಶಿವಕಾಂತಾನ ಮುಂದ ಮರೆಮ್ಮ ಕುಂತಳು. ಬಾಜೂಕಿನ ಮಣಿ ಮ್ಯಾಲ ಜಟ್ಟೆಪ್ಪ ಕುಂತ.

ಅಂಬಾಬಾಯಿ ಹಿರೇರ ಸಂಗಡ ಬೆಂಚಿನ ಮ್ಯಾಲ ಕುಂತು ನಗಲಾಕತ್ತಿದ್ದಳು. ಮಗ ಮೊಮ್ಮಗಳ ಸಾಲಿ ತೋರಿಸಲಾಕ ಕರಕೊಂಡು ಬಂದಾನ, ಇಲ್ಲಿಂದ ಹಿರೇರ ಸಂಗಡ ಸೀದಾ ಮದವಿ ಸಂತಿ ಮಾಡ್ಕೊಂಡು ಹೋಗೋದು ಅಂತ ಆಕಿ ತಿಳಕೊಂಡಿದ್ದಳು, ಪಾಪ.

ಶಿವಕಾಂತಾ ಅವ್ವನ ಪಾದಾ ತೊಳದಳು. ಆಮ್ಯಾಲ ಈ ಕಡಿ ಬಂದಳು. ಅವನ ಪಾದ ನೋಡಿದೆ. ಸಿಮೆಂಟ್ ತಿಂದು ತಿಂದು ಬಿರಿತ ಪಾದ. ಆಕಿ ನೀರು ಹಾಕಿದಳು, ಕುಂಕುಮ ಹಚ್ಚಿದಳು, ತಲಿ ಬಗ್ಗಿಸಿದಳು.

"ಯಾರ ಪಾದಕ್ಕ ನೀರು ಹಾಕಿದಿ?" ಅಂದ ಜಟ್ಟೆಪ್ಪ. ಜೋರಾಗಿ, ಕನ್ನಡದಾಗ.

ಎಲ್ಲಾರೂ ಹೊಳ್ಳಿ ನೋಡಿದ್ರು.

"ಹೇಳು ಮಗಳೇ. ಈರಣ್ಣ ಕಾಕಾಗ ಕೇಳಸ್ಬೇಕು. ಯಾರ ಪಾದಾ ತೊಳದಿ?"

"ಅಪ್ಪಂದು," ಅಂದಳು ಪೋರಿ. ಆಮ್ಯಾಲ ತಲಿ ಎತ್ತಿ, ಗಂಟಲ ತುಂಬ ಅಂದಳು, "ನಮ್ಮಪ್ಪಂದು!"

ಮೊದಲ ತಿಳದದ್ದು ಅಂಬಾಬಾಯಿಗೆ. ಬೆಂಕಿ ತುಳದಂಗ ಎದ್ದಳು. "ಏ ಜಟ್ಯಾ! ಎದ್ದೇಳು ಅಲ್ಲಿಂದ! ನೀ ಅಪ್ಪ ಅಲ್ಲ, ಮಾವ! ಆಕಿ ಅಪ್ಪ ದೌಂಡದಾಗ ಬದುಕ್ಯಾನ!"

"ಬದುಕಿದ್ರ ಈ ಮಣಿ ಯಾಕ ಖಾಲಿ ಇತ್ತು ಯವ್ವಾ?" ಅಂದ ಜಟ್ಟೆಪ್ಪ. ಮಣಿ ಬಿಟ್ಟು ಏಳಲಿಲ್ಲ. "ಇಷ್ಟು ದಿನ ಶನಿವಾರ ಶನಿವಾರ ಯಾರು ಬಂದ್ರು? ಕೇಳು ಇವರ್ನ. ನಾ ಆಕಿ ಅಪ್ಪನ ಜಾಗಾದಾಗ ಬಂದೀನಿ ಅಂತ ಇಡೀ ವಸ್ತಿಗೆ ಹೇಳೀನಿ. ಈಗ ಪಾದಾ ತೊಳಿಸ್ಕೊಂಡೀನಿ. ಈರಣ್ಣ ಕಾಕಾ, ಹಿರೇರು ನೀವು ಹೇಳ್ರಿ. ಅಪ್ಪ ಅಂತ ಪಾದಾ ತೊಳದಾಕಿ ಕೊಳ್ಳಾಗ ಯಾರರೆ ತಾಳಿ ಕಟ್ತಾರೇನು?"

ಮರಾಠಿ ಮಂದಿಗೆ ಏನೂ ತಿಳೀಲಿಲ್ಲ, ಆದ್ರ ಅವ್ರೂ ಈರಣ್ಣನ ಮಾರಿ ನೋಡ್ಲಾಕತ್ತಿದ್ರು. ಈರಣ್ಣ ಮೀಸಿ ತಿರುವಿದ, ಕೆಮ್ಮಿದ. ಆ ಮನಷ್ಯಾನ ಮಾತಿನ ಮ್ಯಾಲೇ ಹುಡುಗಿ ಹಣೇಬರಹ ನಿಂತಿತ್ತು. ನಾ ಪೊರಕಿ ಗಟ್ಟಿ ಹಿಡದೆ, ಯಾರನ್ನ ಹೊಡೀಬೇಕೋ ಗೊತ್ತಾಗಲಿಲ್ಲ.

"ಆತು ಬಿಡು ಅಂಬವ್ವ," ಅಂದ ಈರಣ್ಣ ಕಡೀಕ. "ಮಂದಿ ಮುಂದ ಆದ ಮ್ಯಾಲ ಆತು. ಇನ್ನ ಆ ಮದವಿಗೆ ನಾ ಅಕ್ಕಿಕಾಳು ಹಾಕಾಂವ ಅಲ್ಲ. ಹಾಕಿದ್ರ ಊರು ನನ್ನ ಮಾರಿಗೆ ಉಗುಳ್ತದ."

ಅಂಬಾಬಾಯಿ ಮಣ್ಣು ತೂರಿದಳು. "ಹೊಟ್ಟ್ಯಾಗ ಹುಟ್ಟಿದವ ಕುತ್ತಿಗಿ ಕೊಯ್ದ" ಅಂತ ಎದಿ ಬಡಕೊಂಡು ಹೊಂಟುಹೋದಳು. ಜಟ್ಟೆಪ್ಪ ಎದ್ದು ಬಂದು ನನ್ನ ಮುಂದ ಕೈ ಚಾಚಿದ. ನಾ ಚೀಲ ಕೊಟ್ಟೆ. ಅಂವ ಆ ಹಸರು ಸೀರಿ ತಗದು ಅಕ್ಕನ ಉಡ್ಯಾಗ ಇಟ್ಟ. "ಅವ್ವ ಸೊಸಿಗಂತ ತರಿಸಿದ್ದಳು. ನೀ ಉಟ್ಕೊ ಅಕ್ಕಾ" ಅಂದ. ಮರೆಮ್ಮ ಆ ಸೀರ್ಯಾಗ ಮಾರಿ ಮುಚ್ಚಕೊಂಡು ಹೋ ಅಂತ ಅತ್ತಳು.

ಆಮ್ಯಾಲ ಪಾವಟಿಗಿ ಮ್ಯಾಲ ಕುಂದ್ರಿಸಿ, ಚಹಾ ಕೊಟ್ಟು, ನಾನ ಕೇಳಿದೆ. ಆರತಿ ಬಾಯಿನೂ ಬಂದು ಕುಂತಳು. ಅಂವ ಹೇಳ್ದ. ಕೂಸಿದ್ದಾಗಿಂದ ಪುಣೆಯೊಳಗ, ಎಲ್ಲಿ ಬಿಲ್ಡಿಂಗ್ ಏಳ್ತದ ಅಲ್ಲಿ ಪತ್ರಾಸ ತಗಡಿನ ಶೆಡ್, ಬಿಬವೇವಾಡಿ ಇಂದ ಹಿಡದು ಇಲ್ಲಿ ತನಾ. ಅವ್ವ ಉಸುಕು ಹೊರಲಾಕ ಹೋದ್ರ ಅಕ್ಕ ಸಾಲಿ ಬಿಟ್ಟು ಇವನ್ನ ಸೊಂಟದ ಮ್ಯಾಲ ಇಟ್ಕೊಂಡು ಬೆಳಸಿದಳು. ಆ ಅಕ್ಕನ ಮಗಳು ಸಾಲಿ ಬಿಟ್ಟು ತನ್ನ ಮನಿಗೇ ಬರಬೇಕಂದ್ರ ಇವಗ ಅನ್ನ ಇಳೀಲಿಲ್ಲ. ಎರಡು ಸಲ ಒಲ್ಲೆ ಅಂದ. ಅಂಬಾಬಾಯಿ ಉಪವಾಸ ಬಿದ್ದಳು.

"ನಾ ಬಿಟ್ರ ಬ್ಯಾರೆಯವಗ ಕೊಡ್ತಿದ್ರು ಭಾಮಕ್ಕ," ಅಂದ. "ಬ್ಯಾಡ ಅನ್ನೋ ಮಾವನ ಮಾತು ಯಾರೂ ಕೇಳೂದಿಲ್ಲ. ಬ್ಯಾಡ ಅನ್ನೋ ಅಪ್ಪನ ಮಾತು ಕೇಳ್ತಾರ. ನಿಮ್ಮ ಬೋರ್ಡ್ ಓದಲಿಕ್ಕೆ ನನಗ ಬರೂದಿಲ್ಲ, ಶಿವಕಾಂತಾನ ಓದಿ ಹೇಳಿದಳು. ಅಪ್ಪನ ಜಾಗಾದಾಗ ಇದ್ದವ್ರೂ ಬರಬಹುದು ಅಂತ. ಅವತ್ತ ಹೊಳೀತು ನೋಡ್ರಿ."

"ಮತ್ತ ಆಕಿಗೆ ಬಾಯಿ ಬಿಡಬ್ಯಾಡ ಅಂದದ್ದು?"

"ಅವ್ವಗ ಮೊದಲ ತಿಳದಿದ್ರ ಇಲ್ಲಿ ಕಾಲ ಇಡ್ತಿದ್ದಳೇನ್ರಿ?"

ಆರತಿ ಬಾಯಿ ಕಣ್ಣು ಒರಸ್ಕೊಂಡಳು. ನಾ ಒರಸ್ಕೊಳ್ಳಲಿಲ್ಲ. ಸಂಶೇ ಪಟ್ಟದ್ದಕ್ಕ ಅವನ ಮುಂದ ಕೈ ಮುಗಿಯಲೂ ಇಲ್ಲ. ನಾಳಿ ಇನ್ನೊಬ್ಬ ಮಾವ ಗೇಟಿಗೆ ಬಂದ್ರ ಹಿಂಗೇ ಅಡ್ಡ ನಿಲ್ಲತೀನಿ. ಹತ್ತು ಮಂದ್ಯಾಗ ಇವನಂಥವ ಒಬ್ಬ ಸಿಗಬಹುದು, ಉಳದ ಒಂಬತ್ತು ಮಂದಿಗೆ ಪೊರಕಿ ಬೇಕು.

ಅಂಬಾಬಾಯಿ ಮಗನ ಸಂಗಡ ಮಾತು ಬಿಟ್ಟಾಳ, ಅವಗ ಅಡಗಿನೂ ಹಾಕೂದಿಲ್ಲ. ಅಂವ ಸೈಟಿನ ಮ್ಯಾಲ ಒಲಿ ಹೂಡ್ಕೊಂಡು ತಾನ ಬೇಯಿಸ್ಕೊಂಡು ತಿಂತಾನ. ಅವ್ವನ ಶಾಪ ಹತ್ತಿದವ ಅಂತ ಇವಗ ಯಾರೂ ಹೆಣ್ಣು ಕೊಡಲಾಕ ಮುಂದ ಬಂದಿಲ್ಲ. ಶಿವಕಾಂತಾ ಎಂಟನೇ ಇಯತ್ತೆಗೆ ಹೋಗ್ಯಾಳ. ಶನಿವಾರ ಈಗ ಆ ವಸ್ತಿಯಿಂದ ಇನ್ನೂ ನಾಲ್ಕೈದು ಗಂಡಸರು ಬರ್ತಾರ, ಒಬ್ಬ ಅಜ್ಜನೂ ಬರ್ತಾನ. ನಾ ಎಲ್ಲರ ಚೀಲ ನೋಡತೀನಿ. ಜಟ್ಟೆಪ್ಪ ನಾ ಕೇಳೋ ಮೊದಲ ತನ್ನ ಚೀಲ ತಗದು ತೋರಸ್ತಾನ, ಹಲ್ಲು ಕಿರಕೋತ. ಮೊನ್ನೆ ಅದರಾಗ ಒಂದು ಪೆಪ್ಪರಮೆಂಟ್ ಪೊಟ್ಟಣ ಇತ್ತು. ಒಂದು ನನ್ನ ಕೈಯಾಗೂ ಇಟ್ಟ.

ಅದನ್ನ ಬಾಯಾಗ ಹಾಕ್ಕೊಂಡ ಕೂಡ್ಲೆ ನನಗ ನಂದೆಪ್ಪ ನೆನಪಾದ. ಇಷ್ಟು ವರ್ಷ ನಾ ಅವನ ಮ್ಯಾಲ ಒಂದು ಮಾತು ಹೇಳಿದವಳಲ್ಲ. ಪಾಪ, ಅಂವ ಏನು ಮಾಡ್ತಾನ, ಹಿರೇರು ಮಾಡಿದ್ರು, ಅವನ ಕೈಯಾಗ ಏನಿತ್ತು ಅಂತ ಮನಸ್ಸಿಗೆ ಹೇಳ್ಕೊಂಡು ಅವನ ಫೋಟೋಕ್ಕ ದಿನಾ ಹೂವು ಇಡ್ತಿದ್ದೆ. ಈಗ ಹೂವು ಇಡೋ ಮುಂದ ಕೈ ನಿಲ್ಲತದ. ನನ್ನ ಹೆಗಲ ಮ್ಯಾಲ ಹೊತ್ತವಗ ಇಂಥಾದ್ದೊಂದು ದಾರಿ ಖರೇನ ಹೊಳೀಲಿಲ್ಲೋ, ಹೊಳದೂ ಸುಮ್ಮ ಕುಂತನೋ? ಸತ್ತವನ್ನ ಕೇಳಲಿಕ್ಕೆ ಬರೂದಿಲ್ಲ. ಆ ಒಂದು ಸಂಶೇ ಮಾತ್ರ ಇನ್ನ ನನ್ನ ಬಿಟ್ಟು ಹೋಗೂದಿಲ್ಲ.